ಸರಪಳಿ ಹರಿದುಕೊಂಡ ಮನೆ

ನಮ್ಮೂರಿಗೆ ಸೊಸೆಯಾಗಿ ಬಂದವರಿಗೆ ಮೊದಲು ಹೇಳಿಕೊಡುವ ಮಾತು ಒಂದೇ: ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಬೇಡಿ. ನನಗೂ ಹೇಳಿದ್ದರು. ಹೊಸ ಸೊಸೆಯ ಹುಮ್ಮಸ್ಸು, ನಾನು ಕೇಳಲಿಲ್ಲ. ಒಂದು ಬೆಳಿಗ್ಗೆ ನನ್ನ ಹಸಿರು ಸೀರೆ, ಅತ್ತೆಯ ಎರಡು ಕುಪ್ಪಸ, ನಮ್ಮವರ ಧೋತರ ಎಲ್ಲವೂ ಪಕ್ಕದ ಮನೆಯ ಬೆನ್ನಿಗೆ ಬಾವುಟದಂತೆ ಹಾರಾಡುತ್ತ ಹೊಳೆಯ ಕಡೆಗೆ ಹೊರಟುಹೋದವು. ತಿಂಗಳಾದ ಮೇಲೆ ಗುರುತಿಲ್ಲದ ಹೆಂಗಸೊಬ್ಬಳು ಅವನ್ನು ಒಗೆದು ಮಡಿಚಿ ತಂದುಕೊಟ್ಟಳು. ಮೇಲೊಂದು ಕುಪ್ಪಸದ ಕಣ ಇಟ್ಟು ಉಡಿ ಬೇರೆ ತುಂಬಿದಳು. "ನಿನ್ನ ಸೀರಿ ನಮ್ಮ ಅಂಗಳದಾಗ ಇಷ್ಟು ದಿನ ಇತ್ತು, ನೀನೂ ನಮ್ಮ ಮನಿ ಮಗಳ ಆದಿ" ಎಂದಳು.

ನಾವು ಅದಕ್ಕೆ ನಡೆ ಎನ್ನುತ್ತೇವೆ. ಬಿಸಿಲು ಏರುವ ಹೊತ್ತಿಗೆ ನೆಲುವಿನ ಮೇಲಿನ ಪಾತ್ರೆಗಳು ಸಣ್ಣಗೆ ಕಿಣಿಕಿಣಿ ಎಂದರೆ, ಗುಡಿಯ ಪಾರಿವಾಳಗಳು ಒಮ್ಮೆಲೇ ಎದ್ದರೆ, ಅವತ್ತು ನಡೆ ಎಂದು ಅರ್ಥ. ಮನೆಗಳು ಕೆರೆಯಲ್ಲಿ ಬಾತುಕೋಳಿ ಜಾರಿದಂತೆ ಜಾರುತ್ತವೆ. ಒಂದು ಪಾತ್ರೆ ಅನ್ನ ಬೇಯುವಷ್ಟರಲ್ಲಿ ಊರು ಕಲಸಿ, ಹಂಚಿ, ಮತ್ತೆ ಕೂತಿರುತ್ತದೆ. ಬಾವಿ, ಹೊಳೆ, ಗುಡಿ, ದರ್ಗಾ, ಮರಗಳು ಇದ್ದಲ್ಲೇ ಇರುತ್ತವೆ. ವರ್ಷಕ್ಕೆ ಎಷ್ಟು ಸಲ, ಯಾವಾಗ, ಹೇಳಲಾಗುವುದಿಲ್ಲ. ನಡೆ ಮುಗಿದ ಕೂಡಲೇ ಎಲ್ಲರೂ ಬಾಗಿಲು ತೆರೆದು ಈ ಸಲ ಪಕ್ಕಕ್ಕೆ ಯಾರು ಬಂದಿದ್ದಾರೆ ಎಂದು ನೋಡುತ್ತಾರೆ, ಹೆಪ್ಪಿಗೆ ಮಜ್ಜಿಗೆ ಕೊಟ್ಟು ತಂದು ಮಾಡುತ್ತಾರೆ. ಜಗಳವಾಡಿಕೊಂಡ ನೆರೆಯವರು ನಡೆ ಬರಲಿ ಎಂದು ಹರಕೆ ಹೊರುತ್ತಾರೆ, ಹೊಸದಾಗಿ ಪ್ರೀತಿ ಮಾಡಿದವರು ಬಾರದಿರಲಿ ಎಂದು. ಸಂತೆಗೆ ಹೋದ ಗಂಡಸರು ಸಂಜೆ ಚೀಲ ಹೊತ್ತುಕೊಂಡು, ಕಂಡಕಂಡವರನ್ನು ಕೇಳುತ್ತ ತಮ್ಮ ಮನೆ ಹುಡುಕುತ್ತಾರೆ. ಸಿಗದಿದ್ದರೆ ಯಾರ ಮನೆಯಲ್ಲಾದರೂ ಉಂಡು ಮಲಗುತ್ತಾರೆ. ಅದು ನಮ್ಮಲ್ಲಿ ನಾಚಿಕೆಯ ಮಾತಲ್ಲ.

ಇಡೀ ಊರಿನಲ್ಲಿ ನಡೆಯದ ಮನೆ ಒಂದೇ ಇತ್ತು, ಅದು ನಮ್ಮದು.

ನಮ್ಮವರು ಮೌನೇಶಪ್ಪ. ಹೆಸರು ಮಾತ್ರ ಮೌನ, ಬಾಯಿ ತೆರೆದರೆ ಕುಲುಮೆಯ ತಿದಿಗಿಂತ ಜೋರು. ಕಂಬಾರರು. ಅವರು ಬಡಿದ ಕುಡಗೋಲು ಅಜ್ಜನಿಂದ ಮೊಮ್ಮಗನ ಕೈಗೆ ಹೋಗುತ್ತಿತ್ತು. ಆ ಕೈಯಿಂದಲೇ ಅವರು ನಾಲ್ಕು ಸರಪಳಿ ಮಾಡಿ, ಮನೆಯ ನಾಲ್ಕು ಮೂಲೆಗೆ ತೊಡಿಸಿ, ಬಂಡೆಯೊಳಗೆ ಗೂಟ ಹೊಡೆದು ಬಿಗಿದಿದ್ದರು. ತೆಗೆಯಲು ಕೀಲು ಇಟ್ಟಿರಲಿಲ್ಲ. "ಕೀಲು ಇಟ್ರ ಒಂದಿನ ಯಾರರ ತಗೀತಾರ. ನಾನ ತಗದೇನು" ಎನ್ನುತ್ತಿದ್ದರು.

ಯಾಕೆ ಬಿಗಿದರು ಎಂದು ಊರಿಗೆಲ್ಲ ಗೊತ್ತಿತ್ತು, ಯಾರೂ ನಗುತ್ತಿರಲಿಲ್ಲ. ನಮಗೆ ಮೊದಲು ಹುಟ್ಟಿದವನು ಗಂಡು ಕೂಸು. ಮೊಣಕಾಲೂರಿ ಅಂಬೆಗಾಲಿಡುವ ಹೊತ್ತಿಗೆ ಅವನಿಗೆ ಜ್ವರ ಬಂತು. ನಮ್ಮವರು ವೈದ್ಯರನ್ನು ಕರೆತರಲು ಓಡಿದರು. ಅವರು ಅತ್ತ ಹೋಗುತ್ತಲೂ ಇತ್ತ ನಡೆ ಬಂತು. ವೈದ್ಯರ ಕೈ ಹಿಡಿದುಕೊಂಡೇ ಅವರು ಊರೆಲ್ಲ ಅಲೆದರಂತೆ. ನಮ್ಮ ಮನೆ ಊರಾಚೆಯ ಕಲ್ಲುಬಂಡೆಯ ಮೇಲೆ ಬಂದು ಕೂತಿತ್ತು, ಅಲ್ಲಿ ಯಾರೂ ಹುಡುಕುವುದಿಲ್ಲ. ಅವರು ಬಂದಾಗ ಕೂಸು ನನ್ನ ತೊಡೆಯ ಮೇಲೆ ತಣ್ಣಗಾಗಿತ್ತು. ಅವರು ಅಳಲಿಲ್ಲ. ಗೋಡೆಗೆ ಕೈಯಿಟ್ಟು, ಮನೆಯನ್ನೇ ಕೇಳಿದರು: "ಎಲ್ಲಿಗಿ ಹೋಗಿದ್ದಿ ನೀ?"

ಅವತ್ತು ಹಾಗೇಕಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರ ಮನೆಯಲ್ಲಿ ನಾನು ನೀರು ಕೂಡ ಕುಡಿಯುವುದಿಲ್ಲ.

ಮರುದಿನ ಅವರು ಸರಪಳಿ ಬಡಿಯಲು ಕೂತರು. ಆಮೇಲೆ ನಮಗೆ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹೋದಳು. ಮನೆ ಮಾತ್ರ ಬಂಡೆಯ ಮೇಲೆಯೇ. ನಮ್ಮ ಪಕ್ಕಕ್ಕೆ ಜನ ಬರುತ್ತಿದ್ದರು, ಒಂದು ನಡೆಯವರೆಗೆ ಇರುತ್ತಿದ್ದರು, ಹೋಗುತ್ತಿದ್ದರು. ಬೇರೆಯವರ ಮನೆಗಳು ನಡೆಯುವಾಗ ಒಳಗಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ. ತೊಟ್ಟಿಲ ಕೂಸು ಸಹ ಏಳುತ್ತಿರಲಿಲ್ಲವಂತೆ. ನಮ್ಮ ಮನೆ ಮಾತ್ರ ಹಗ್ಗ ಜಗ್ಗುವ ಹೋರಿಯಂತೆ ಗಡಗಡ ನಡುಗುತ್ತಿತ್ತು. ಗೋಡೆಯ ಮಣ್ಣು ಉದುರುತ್ತಿತ್ತು, ಗಡಿಗೆಗಳು ಒಡೆಯುತ್ತಿದ್ದವು. ನಮ್ಮವರು ಬಾಗಿಲ ಚೌಕಟ್ಟು ಹಿಡಿದು ನಿಂತು "ನೋಡ್ರಿ, ಹೆಂಗ ನಿಂತೈತಿ!" ಎನ್ನುತ್ತಿದ್ದರು. ದಿನಾ ದೇವರ ಪೂಜೆ ಮಾಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಸಾಮಾನು ಮುಟ್ಟುವ ಗಿರಾಕಿಯನ್ನು ನೋಡುವಂತೆ ಒಂದು ಕಣ್ಣು ತೆರೆದಿಟ್ಟುಕೊಂಡೇ ಮಾಡುತ್ತಿದ್ದರು.

ಅತ್ತೆಗೆ ಇದು ತಡೆಯಲಾಗದ ಸಂಕಟ. ಕಾಲು ಸೋತು ಕಟ್ಟೆಯ ಮೇಲೆ ಕೂತ ಜೀವ. "ಲೇ ಮೌನ್ಯಾ, ನಾ ಹೋಗೂದರಾಗ ಒಮ್ಮೆರ ಸಂತಿ ನೋಡಬೇಕಲೋ" ಎನ್ನುತ್ತಿದ್ದರು. "ಹೊತಗೊಂಡು ಹೋಗ್ತೀನಿ ಬಾ ಯವ್ವಾ" ಎಂದರೆ, "ನಿನ್ನ ಹೆಗಲ ಮ್ಯಾಲ ಕುಂತು ಯಾರು ಹೋಗ್ತಾರ, ಮನಿಯೊಳಗ ಕುಂತು ಹೋಗಬೇಕು ನಾ, ರಾಣಿಹಂಗ" ಎಂದು ಮುಖ ತಿರುಗಿಸುತ್ತಿದ್ದರು.

ಮಗಳು ಸುಗಂಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸೂಲಗಿತ್ತಿ ಹುಸೇನಬಿಗೆ ಮೊದಲೇ ಹೇಳಿಟ್ಟಿದ್ದೆವು. ಹಿಂದಿನ ನಡೆಯಲ್ಲಿ ಆಕೆಯ ಮನೆ ಹೊಳೆದಂಡೆಗೆ ಹೋಗಿ ಕೂತಿತ್ತು. ಹೊಳೆ ನಮ್ಮ ಬಂಡೆಯಿಂದ ಮೂಡಣಕ್ಕೆ, ಬಿರುಸಾಗಿ ನಡೆದರೆ ಸ್ವಲ್ಪ ಹೊತ್ತಿನ ಹಾದಿ. ಇನ್ನೂ ಸಮಯವಿದೆ ಎಂದು ಆಕೆಯೂ ಅಂದಿದ್ದಳು, ನಾನೂ ಅಂದುಕೊಂಡಿದ್ದೆ. ಕೂಸಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಸುಗಂಧಾ ಗೋಡೆ ಹಿಡಿದು "ಯವ್ವಾ" ಎಂದಳು. ಆ ಕರೆ ಕೇಳಿದರೆ ತಾಯಿಗೆ ಬೇರೆ ಹೇಳಬೇಕಾಗಿಲ್ಲ.

ನಮ್ಮವರು ರುಮಾಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ, ಹುಸೇನಬಿಯನ್ನು ಕರೆತರಲು ಕಟ್ಟೆ ಇಳಿದರು. ಅಷ್ಟರಲ್ಲಿ ನೆಲುವಿನ ಮೇಲೆ ಪಾತ್ರೆಗಳು ಕಿಣಿಕಿಣಿ ಎಂದವು.

ಎದುರಿನ ಮನೆ ಮೆಲ್ಲಗೆ ಜಾರಿ ಹೊರಟಿತು. ಅದರ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ಮುದುಕ ನಮಗೆ ಕೈಯೆತ್ತಿ ಹೋಗಿಬರುತ್ತೇನೆ ಎಂದ. ಅದರ ಹಿಂದೆ ಮತ್ತೊಂದು ಮನೆ ಹೊರಟಿತು. ನಮ್ಮ ಮನೆ ನಡುಗಲು ಶುರುವಾಯಿತು. ನಮ್ಮವರು ಅಂಗಳದಲ್ಲಿ ನಿಂತೇ ಇದ್ದರು. ಒಂದು ಹೆಜ್ಜೆ ಮುಂದಿಟ್ಟರು, ತಿರುಗಿ ಬಂದರು. ಮತ್ತೆ ಮುಂದಿಟ್ಟರು, ಮತ್ತೆ ಬಂದರು. ಒಳಗೆ ಸುಗಂಧಾ ಕೂಗಿದಳು.

"ಹೊಳಿ ದಂಡ್ಯಾಗ ಇನ್ನ ಆಕಿ ಇರೂದಿಲ್ಲ" ಎಂದರು. "ಎಲ್ಲಿಗಿ ಹೋಗಿ ಹುಡುಕ್ಲಿ? ನಾ ಹ್ವಾದ ಮ್ಯಾಲ ಇಲ್ಲಿ..." ಅಷ್ಟು ಮಾತುಗಾರ ಮನುಷ್ಯ ಮಾತು ಮುಗಿಸಲಾಗದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಹೊಸ್ತಿಲಿಗೆ ಬಂದೆ. ನನಗೇನು ಧೈರ್ಯವಿತ್ತು ಎಂದು ತಿಳಿಯಬೇಡಿ, ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು. "ನೀವು ಹೋಗಬ್ಯಾಡ್ರಿ" ಎಂದೆ. "ಎಲ್ಲಾರೂ ಹೋಗೂಣು. ಮನೀನ ಹೋಗ್ಲಿ."

"ಎಲ್ಲಿಗಿ?"

"ನನಗೇನು ಗೊತ್ತು."

"ಗೊತ್ತಿಲ್ದ ಹೆಂಗ ಬಿಡ್ಲಿ? ಒಮ್ಮೆ ನಂಬಿದ್ದೆ ನಾ."

"ನಾನೂ ನಂಬಿದ್ದೆ" ಎಂದೆ. "ಆ ಕೂಸು ನಿಮ್ಮದೊಂದ ಅಲ್ಲ. ಆದ್ರೂ ಹೇಳ್ತೀನಿ. ನಡಸಾಂವ ಅವ ಇದ್ದಾನ, ಇನ್ನೊಮ್ಮೆ ನಂಬೂಣು. ಈ ಸಲ ಇಬ್ಬರೂ ಕೂಡೇ."

ಕಟ್ಟೆಯಿಂದ ಅತ್ತೆಯ ದನಿ ಬಂತು: "ಅಂತೂ ಈ ಮನಿಯಾಗ ಒಬ್ಬಾಕಿ ಶಾಣ್ಯಾಕಿಹಂಗ ಮಾತಾಡಿದ್ಲು! ಮೌನ್ಯಾ, ಸುತಗಿ ತಗೋ!"

ಅವರು ಸುತ್ತಿಗೆ ಉಳಿ ತಗೊಂಡರು. ತಾವೇ ಬೆಸೆದ ಕೊಂಡಿ, ಸುಲಭಕ್ಕೆ ಒಡೆಯುತ್ತದೆಯೇ? ಒಂದೊಂದು ಏಟಿಗೂ ಬೈಯುತ್ತಿದ್ದರು. ಕೊಂಡಿಯನ್ನು ಬೈಯುತ್ತಿದ್ದರೋ, ತಮ್ಮನ್ನೋ, ಮೇಲಿರುವವನನ್ನೋ, ಗೊತ್ತಾಗಲಿಲ್ಲ. ಮೊದಲನೆಯ ಸರಪಳಿ ಹೋಯಿತು. ಮನೆಯ ಆ ಮೂಲೆ ನಡುಕ ನಿಲ್ಲಿಸಿತು. ಎರಡನೆಯದು ಹೋಯಿತು, ಮೂರನೆಯದು ಹೋಯಿತು. ಒಳಗೆ ಬಟ್ಟೆ ಕಾಯಿಸುತ್ತಿದ್ದ ನನಗೆ ಮನೆ ಉಸಿರು ಎಳೆದುಕೊಂಡಂತೆ ಅನ್ನಿಸಿತು. ನಾಲ್ಕನೆಯದಕ್ಕೆ ಅವರು ಉಳಿ ಇಡುವಷ್ಟರಲ್ಲಿ ಟಣ್ ಎಂದು ಗೂಟವೇ ಕಿತ್ತುಬಂತು.

ಮನೆ ಹೊರಟಿತು. ನಮ್ಮವರು ಕೆಳಗೇ ಉಳಿದರು.

ನಾನು ಹಿತ್ತಲ ಬಾಗಿಲಿಗೆ ಓಡಿದೆ. ಇಷ್ಟು ವರ್ಷ ನಾವು ಕೂತಿದ್ದ ಜಾಗ ಕಂಡಿತು. ಬಿಸಿಲು ಕಾಣದೆ ಬಿಳಿಚಿದ ಬಂಡೆಯ ಚೌಕ. ಅಲ್ಲಿಯೇ ನನ್ನ ಕೂಸು ಕೊನೆಯುಸಿರು ಬಿಟ್ಟದ್ದು. ಬಂಡೆಗೆ ಅಂಟಿಕೊಂಡವರು ಅವರೊಬ್ಬರೇ ಎಂದು ತಿಳಿದಿದ್ದೆ. ಆ ಚೌಕ ಹಿಂದೆ ಹಿಂದೆ ಸರಿಯುತ್ತಿದ್ದಂತೆ ನನ್ನ ಹೊಟ್ಟೆಯೊಳಗೂ ಒಂದು ಗೂಟ ಕಿತ್ತುಬಂತು. ಅಳಲು ಪುರುಸೊತ್ತಿರಲಿಲ್ಲ. ಆ ಚೌಕವನ್ನು ದಾಟಿ ನಮ್ಮವರು ಓಡಿಬರುತ್ತಿದ್ದರು, ರುಮಾಲು ಬಿಚ್ಚಿ ಬಾಲದಂತೆ ಹಾರುತ್ತಿತ್ತು, ಒಂದು ಚಪ್ಪಲಿ ಎಲ್ಲೋ ಹೋಗಿತ್ತು, ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು.

"ಸುತಗಿ ಒಗೀರಿ!" ಎಂದು ಕೂಗಿದೆ.

"ಚೊಲೋ ಸುತಗಿ ಐತಿ!" ಎಂದು ಓಡುತ್ತಲೇ ಕೂಗಿದರು.

"ಮನಿ ಇನ್ನೂ ಚೊಲೋ ಐತಿ, ಒಗೀರಿ!"

ಒಗೆದರು. ಕೈ ಚಾಚಿದರು. ಹಿಟ್ಟಿನ ಕೈಯಲ್ಲಿ ನಾನು ಅವರ ಮಣಿಕಟ್ಟು ಹಿಡಿದೆ, ಜಾರಿತು, ಮತ್ತೆ ಹಿಡಿದೆ, ಎಳೆದೆ. ಅಷ್ಟು ದೊಡ್ಡ ಮನುಷ್ಯ ಅಡುಗೆಮನೆಯಲ್ಲಿ ದೊಪ್ಪೆಂದು ಬಿದ್ದು, ರೊಟ್ಟಿಯ ಬುಟ್ಟಿಗೆ ತಲೆಯಿಟ್ಟು ಏದುಸಿರು ಬಿಟ್ಟರು. ಆಮೇಲೆ ಸುತ್ತ ನೋಡಿದರು. ಒಂದು ಪಾತ್ರೆಯೂ ಅಲುಗುತ್ತಿರಲಿಲ್ಲ. ಒಲೆಯ ಮೇಲಿನ ನೀರು ಕನ್ನಡಿಯಂತಿತ್ತು.

"ನಡುಗವಲ್ದು" ಎಂದರು, ಮೆಲ್ಲಗೆ.

"ಯಾಕ ನಡುಗ್ತೈತಿ? ಹೊಂಟೈತಲ್ಲ" ಎಂದೆ.

ನಮ್ಮ ಮನೆ ಹೋದದ್ದು ಬೇರೆ ಮನೆಗಳ ಹಾಗೆ ಅಲ್ಲ. ಕಟ್ಟಿಹಾಕಿದ್ದ ಕರುವನ್ನು ಬಿಟ್ಟಂತೆ ಹೋಯಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಹುಣಸೆಮರದ ಸುತ್ತ ಸುಮ್ಮಸುಮ್ಮನೆ ಒಂದು ಸುತ್ತು. ಅಷ್ಟರಲ್ಲಿ ಬೇರೆ ಮನೆಗಳೆಲ್ಲ ನಿಂತು, ಜನ ಮಜ್ಜಿಗೆ ಹಿಡಿದು ಹೊರಬಂದಿದ್ದರು. ತಪ್ಪಿಸಿಕೊಂಡ ನಡೆಗಳನ್ನೆಲ್ಲ ಒಂದೇ ದಿನ ಮುಗಿಸುತ್ತೇನೆ ಎಂಬಂತೆ ನಮ್ಮ ಮನೆ ಮಾತ್ರ ಹೋಗುತ್ತಲೇ ಇತ್ತು. "ಮೌನೇಶಪ್ಪನ ಮನಿ! ಮೌನೇಶಪ್ಪನ ಮನಿ ಹೊಂಟೈತಿ!" ಎಂದು ಜನ ಬೀದಿಗೆ ಬಂದರು. ಯಾರೋ ಸಿಳ್ಳೆ ಹಾಕಿದರು. ಅತ್ತೆ ಕಟ್ಟೆಯ ಮೇಲೆ ಕಾಲು ನೀಡಿ ಕೂತು, ಸೆರಗು ಸರಿಮಾಡಿಕೊಂಡು ಎರಡೂ ಕಡೆಗೆ ಕೈ ಮುಗಿಯುತ್ತಿದ್ದರು.

ಆದರೆ ಮನೆ ಪಡುವಣಕ್ಕೆ ಹೊರಟಿತ್ತು. ನಮ್ಮವರು ಕಟ್ಟೆಯ ಕಂಬ ತಬ್ಬಿಕೊಂಡು ಕೂಗಿದರು, "ಏ, ಹೊಳಿ ಆ ಕಡೆ ಐತಿ! ಆ ಕಡೆ! ಹಿಂಗಲ್ಲೋ!" ಮನೆಗೆ ಕಿವಿಯಿದೆಯೇ? ಅದು ನೇರ ಸಂತೆಯೊಳಗೆ ನುಗ್ಗಿತು. ಬಳೆಗಾರರು ಬುಟ್ಟಿ ಎತ್ತಿಕೊಂಡು ದಾರಿ ಬಿಟ್ಟರು. ಮಂಡಕ್ಕಿ ಮಿರ್ಚಿಯ ಗಾಡಿಯವನು ಒಂದು ಪೊಟ್ಟಣವನ್ನು ಅತ್ತೆಯ ಉಡಿಗೆ ಎಸೆದ. ಸಂತೆಯ ನಟ್ಟನಡುವೆ, ಒಣಮೆಣಸಿನಕಾಯಿ ರಾಶಿಗಳ ಮಧ್ಯೆ, ಆಗತಾನೆ ಬಂದು ಕೂತ ಒಂದು ಮನೆ. ಅದರ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಸೀನುತ್ತ ನಿಂತವಳು ಹುಸೇನಬಿ.

"ಅವ್ವಾರ! ಬರ್ರಿ! ಮಗಳು ಬ್ಯಾನಿ ತಿನ್ನಾಕತ್ತಾಳ!" ಎಂದು ನಮ್ಮವರು ಅರಚಿದರು.

"ನಿಂದ್ರಸು ಮತ್ತ ಮನಿ!"

"ನಿಂದ್ರಸಾಕ ಬರೂದಿಲ್ಲ ಅವ್ವಾರ, ಇದಕ್ಕ ಬ್ರೇಕ್ ಇಲ್ಲ!"

"ಯಾ ಅಲ್ಲಾ!" ಎಂದವಳೇ ಹುಸೇನಬಿ ಒಳಗೆ ಕೈಹಾಕಿ ತನ್ನ ಚೀಲ ಸೆಳೆದುಕೊಂಡು, ಸೀರೆ ಎತ್ತಿ ಕಟ್ಟಿ ಓಡಿದಳು. ನಮಗೆಲ್ಲ ಬಾಣಂತನ ಮಾಡಿದ ಹಿರಿಯ ಜೀವ, ಮೆಣಸಿನಕಾಯಿ ರಾಶಿ ಹಾರಿ ಬಂದಳು ಎಂದರೆ ನಂಬುತ್ತೀರಾ? ಸಂತೆಯವರೆಲ್ಲ ಹಿಂದಿನಿಂದ ತಳ್ಳಿದರು, ಕಟ್ಟೆಯಿಂದ ನಮ್ಮವರು ಎಳೆದರು. ಹತ್ತಿದವಳೇ ಒಂದು ಸಲ ಜೋರಾಗಿ ಸೀನಿ, "ಎಲ್ಲಿ ಹುಡುಗಿ? ಗಂಡಸು ಹೊರಗ!" ಎಂದು ಒಳನಡೆದಳು.

ಆಮೇಲೆ ನನಗೆ ಹೊರಗಿನ ಊರು ಕಾಣಲಿಲ್ಲ. ಕಿಟಕಿಯಲ್ಲಿ ಗುಡಿಯ ಕಳಸ ಹೋದದ್ದು, ದರ್ಗಾದ ಹಸಿರು ಹೋದದ್ದು, ಯಾರದೋ ಮಾಳಿಗೆಯ ಮೇಲೆ ಒಣಗಿದ ಹಪ್ಪಳ ಹೋದದ್ದು ಅರೆಬರೆ ನೆನಪು. ಸುಗಂಧಾ ನೋವಿನ ನಡುವೆ "ಎಲ್ಲಿಗಿ ಬಂದ್ವಿ ಯವ್ವಾ?" ಎನ್ನುವುದು, ನಾನು "ಸಾಲಿ ದಾಟಿದ್ವಿ, ಇನ್ನೊಂದೀಟು ತಡಿ" ಎನ್ನುವುದು, ಆಕೆಗೆ ನಗು ಬರುವುದು, ನಗುತ್ತಲೇ ಮತ್ತೆ ಕೂಗುವುದು. "ಇಂಥಾ ಹೆರಿಗಿ ನಾ ಕಂಡಿಲ್ಲ" ಎಂದು ಹುಸೇನಬಿಯೂ ನಗುತ್ತಿದ್ದಳು, ಕೈ ಮಾತ್ರ ತನ್ನ ಕೆಲಸ ಮಾಡುತ್ತಿತ್ತು.

ಹೊರಗೆ ತಾಯಿ ಮಗ ಕೂತ ಕಟ್ಟೆಯ ಮಾತು ಕಿಟಕಿಯಲ್ಲಿ ಕೇಳುತ್ತಿತ್ತು.

"ಕಂಬ ಬಿಡೋ" ಎಂದರು ಅತ್ತೆ.

"ಬಿಟ್ರ ಬೀಳ್ತೀನಿ."

"ನಾ ಯಾವ ಕಂಬ ಹಿಡಿದೀನಿ? ಮಿರ್ಚಿ ತಿನ್ನಾಕತ್ತೀನಿ. ಅಲ್ಲೋ, ಕಂಬಾನೂ ನಿನ್ನ ಜೋಡಿನ ಹೊಂಟೈತಿ. ಅದನ್ನ ಹಿಡಕೊಂಡ್ರ ಏನು ಬಂತು?"

ಆಮೇಲೆ ನಮ್ಮವರ ದನಿ: "ಯವ್ವಾ, ಒಂದು ಮಿರ್ಚಿ ಕೊಡು."

ಕೂಸು ಅತ್ತಿತು. ಹೆಣ್ಣು ಕೂಸು, ಊರಿಗೆ ಕೇಳುವಂಥ ಗಂಟಲು. ಆ ಅಳು ಕೇಳಿಯೋ, ಅಥವಾ ಹೇಗೂ ನಿಲ್ಲಬೇಕಿತ್ತೋ, ಮನೆ ಮೆಲ್ಲಗೆ ಕೂತಿತು. ಹುಸೇನಬಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ನಮ್ಮವರ ಕೈಗೆ ಕೊಟ್ಟಳು. ಅವರು ಅಂದು ಅಳದೆ ಇಟ್ಟುಕೊಂಡದ್ದನ್ನೆಲ್ಲ ಇಂದು ಅತ್ತರು. ಕೂಸಿನದೂ ಅಜ್ಜನದೂ ಅಳು ಸೇರಿ ಎಷ್ಟು ಗದ್ದಲವಾಯಿತೆಂದರೆ, ಪಕ್ಕದ ಮನೆಯ ಬಾಗಿಲು ತೆರೆದು ಮೂವರು ಹೊರಬಂದರು. ಮದುವೆಗೆ ಬ್ಯಾಂಡು ಬಾರಿಸುವವರು, ಅಣ್ಣತಮ್ಮಂದಿರು. ಏನಾಯಿತು ಎಂದು ಕೇಳಿಕೊಂಡು, ತಿಳಿದಮೇಲೆ ಒಳಗೆ ಹೋಗಿ, ತುತ್ತೂರಿ ಡೋಲು ತಂದು, ನಮ್ಮ ಅಂಗಳದಲ್ಲಿ ನಿಂತು ಬಾರಿಸಿದರು. ಬಾಣಂತಿಗೆ ತಲೆನೋವು ಬರುತ್ತದೆ ಎಂದು ಹುಸೇನಬಿ ಬೈದಳು. ಬಾಣಂತಿಯೇ ಇನ್ನೊಂದು ಬಾರಿಸಿ ಎಂದಳು.

ಸಂಜೆ ಅಳಿಯ ಬಂದ, ಧೂಳುಮುಖ ಮಾಡಿಕೊಂಡು. ಊರಿನಲ್ಲಿ ಎಂದೂ ತಪ್ಪದ ಮನೆಯೆಂದು ಬಂಡೆಗೆ ಹೋದರೆ ಅಲ್ಲಿ ಹರಿದ ಮೂರು ಸರಪಳಿ ಮಾತ್ರ. "ನಾ ಅಲ್ಲೇ ಕುಂತು ಅತ್ತಬಿಟ್ಟೆ, ಮಾಂವಾ" ಎಂದ. "ಆಮ್ಯಾಲ ಸಂತಿಯವರು ಹೇಳಿದ್ರು, ಬ್ಯಾಂಡ್ ಕೇಳಿದ ಕಡೆ ಹೋಗು ಅಂತ."

ಇಷ್ಟೇ ಆಗಿದ್ದರೆ ಒಂದು ದಿನದ ಹುಚ್ಚು ಎನ್ನಬಹುದಿತ್ತು. ಕೂಸು ಕುತ್ತಿಗೆ ನಿಲ್ಲಿಸುವ ಹೊತ್ತಿಗೆ ಮತ್ತೆ ನಡೆ ಬಂತು. ನಮ್ಮವರು ಇದ್ದಿಲು ತರಲು ಹೊರಗೆ ಹೋಗಿದ್ದರು. ಪಾತ್ರೆಗಳು ಕಿಣಿಕಿಣಿ ಎಂದಾಗ ನಾನು ಬಾಗಿಲಿಗೆ ಓಡಿದೆ. ಮನೆ ಜಾರಿತು, ಬ್ಯಾಂಡಿನವರು ಕೈಬೀಸಿದರು, ಎಲ್ಲೋ ಹೋಗಿ ಕೂತೆವು. ಸುತ್ತ ಜೋಳದ ಹೊಲ. ಮಧ್ಯಾಹ್ನವಾಯಿತು, ಅವರು ಬರಲಿಲ್ಲ. ಬಿಸಿಲು ಇಳಿಯಿತು, ಬರಲಿಲ್ಲ. ನಾನು ಬಾಗಿಲಿಗೂ ಒಲೆಗೂ ತಿರುಗಿ ತಿರುಗಿ ಸೋತೆ. ದೇವರ ಮುಂದೆ ಕೂತು, "ಆ ಮನುಷ್ಯಾಗ ಇನ್ನೊಮ್ಮೆ ಹಂಗ ಮಾಡಬ್ಯಾಡಪಾ" ಎಂದೆ. ಬೇರೆ ಪ್ರಾರ್ಥನೆ ತೋಚಲಿಲ್ಲ.

ದನ ಮನೆಗೆ ಬರುವ ಹೊತ್ತಿಗೆ ಹೊಲದ ದಾರಿಯಲ್ಲಿ ಅವರ ದೊಡ್ಡ ದನಿ ಕೇಳಿತು. ಯಾರ ಜೊತೆಗೋ ಮಾತಾಡುತ್ತ ಬರುತ್ತಿದ್ದರು. ತಲೆಯ ಮೇಲೆ ಇದ್ದಿಲ ಚೀಲ, ಬಾಯಲ್ಲಿ ಯಾರ ಮನೆಯದೋ ಎಲೆಯಡಿಕೆ. ಜೊತೆಗೆ ಒಬ್ಬ ಅಪರಿಚಿತ. ಊರಿಗೆ ಹೊಸದಾಗಿ ಬಂದ ಸಾಲಿಮಾಸ್ತರನಂತೆ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಇವರದು ಮೊದಲ ನಡಿ" ಎಂದರು ನಮ್ಮವರು ಕಾಲು ತೊಳೆದುಕೊಳ್ಳುತ್ತ. "ಹೆಂಡ್ತಿ ಮನಿಯಾಗ ಒಬ್ಬಾಕಿನ ಅದಾಳಂತ. ಮುಂಜಾನಿಂದ ಹುಡಕ್ಯಾರ, ನಾನೂ ಕೂಡಿ ಹುಡಕೀನಿ, ಇನ್ನೂ ಸಿಕ್ಕಿಲ್ಲ. ಉಂಡು ಮತ್ತ ಹೋಗ್ತೀವಿ. ತಾಟು ಹಾಕು."

ನಾನು ತಾಟು ಹಾಕಿದೆ. ಮಾಸ್ತರ ಒಂದು ತುತ್ತು ತಿಂದು ಎದ್ದೇಳಲು ನೋಡಿದ. "ನಾ ಹೋಗ್ತೀನ್ರಿ, ಆಕಿ ಅಂಜಿರ್ತಾಳ. ಎಲ್ಲಿ ಅದಾಳೋ ಏನೋ" ಎಂದ.

ನಮ್ಮವರು ಅವನ ಭುಜ ಹಿಡಿದು ಕೂರಿಸಿದರು. ಬಹಳ ಮೆತ್ತಗೆ, ನಮ್ಮ ಕೂಸನ್ನು ಹಿಡಿಯುವಷ್ಟು ಮೆತ್ತಗೆ.

"ಅಂಜಿಕಿ ನನಗ ಗೊತ್ತೈತಿ ಮಾಸ್ತರ" ಎಂದರು. "ಆಕಿ ಎಲ್ಲಿ ಅದಾಳ ಅನ್ನೂದು ನಿಮಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ದಾಂವ ಒಬ್ಬ ಅದಾನ. ಉಣ್ರಿ, ಹುಡುಕಾಕ ಕಾಲಾಗ ಶಕ್ತಿ ಬೇಕಲ್ಲ."

ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ತಾವು ಉಣ್ಣದೆ ಎದ್ದು, ಕಂದೀಲಿಗೆ ಎಣ್ಣೆ ತುಂಬತೊಡಗಿದರು.